‘ಅನ್‌ಫೇರ್’ ಅಂದರೆ ಬರೀ ಬೆಲೆಯಾ?

‘ಅನ್‌ಫೇರ್’ ಪದವನ್ನು ನಾವು ಕ್ರಿಕೆಟ್ಟಿಗೂ ಪರೀಕ್ಷೆಗೂ ಸಲೀಸಾಗಿ ಬಳಸ್ತೀವಿ. ಗುಜರಾತಿನಲ್ಲಿ ಅದು ಮನೆ ಕೊಳ್ಳುವವರ ಪ್ರಶ್ನೆ.

ಅಹಮದಾಬಾದ್, ವಡೋದರಾ, ಸೂರತ್‌ಗಳ ಹಲವು ಬಡಾವಣೆಗಳಲ್ಲಿ 1991ರ ‘ಡಿಸ್ಟರ್ಬ್ಡ್ ಏರಿಯಾಸ್’ ಕಾಯ್ದೆಯಡಿ ಆಸ್ತಿ ಮಾರಲು ಕಲೆಕ್ಟರ್ ಅನುಮತಿ ಬೇಕು. ಮಾರುವವರು ಮನಸಾರೆ ಒಪ್ಪಿದ್ದಾರಾ, ಬೆಲೆ ‘ಫೇರ್’ ಇದೆಯಾ ಅಂತ ಅವರು ನೋಡಬೇಕು. ಗಲಭೆಗೆ ಹೆದರಿ ಮನೆಯನ್ನು ಸಿಕ್ಕಷ್ಟಕ್ಕೆ ಮಾರಿ ಹೋಗುವವರಿಗೆ ಇದು ರಕ್ಷಣೆ, ಸರಿ. 2019ರ ತಿದ್ದುಪಡಿ ಬೇರೆಯದನ್ನೂ ಕೇಳಿತು: ಒಂದೇ ಸಮುದಾಯದವರು ಒಂದೆಡೆ ಗುಂಪಾಗ್ತಾರಾ? ಮಾರುವವರೂ ಒಪ್ಪಿ, ಬೆಲೆಯೂ ಸರಿಯಿದ್ದು, ಕೊಳ್ಳುವವರ ಹೆಸರಿಗೆ ಕಡತ ನಿಂತರೆ? ‘ಅನ್‌ಫೇರ್’ ಅನ್ನೋದು ಅಂಪೈರ್ ಮೇಲಿನ ಮುನಿಸಿನಷ್ಟು ಹಗುರ. ‘ಅನ್ಯಾಯ’ ಅಂದರೆ ಮಾಡಿದವರು ಯಾರು ಅನ್ನೋ ಪ್ರಶ್ನೆಯೂ ಏಳುತ್ತೆ. ತಿದ್ದುಪಡಿಯಡಿ ಹೊಸ ಅಧಿಸೂಚನೆಗಳನ್ನು 2021ರ ಜನವರಿಯಲ್ಲಿ ಹೈಕೋರ್ಟ್ ತಡೆಯಿತು. ಮೂಲ ಕಾಯ್ದೆಯ ಅನುಮತಿ ಪದ್ಧತಿ ಮಾತ್ರ ಮುಂದುವರಿಯಿತು.