ತಿಪ್ಪೆಗೊಂದು ಮಣ್ಣಿನ ಹೊದಿಕೆ

 ತೋಟಗಳಿಗೆ ಮಾರಾಟವಾಗಲಿರುವ ಸಗಣಿಯು ನೀಲಗಿರಿ ಸೀಮೆಯ ಮಸಿನಗುಡಿಯ ದೊಡ್ಡಿಗಳ ಮಗ್ಗುಲಲ್ಲಿ ಬಿಸಿಲಿಗೂ ಮಳೆಗೂ ಮೈಯೊಡ್ಡಿ ಬಿದ್ದಿರುವುದನ್ನು ಕಂಡ ಮೇಲೆ ಮನಸ್ಸು ಬೇರೆಡೆಗೆ ಹರಿಯಲೊಲ್ಲದು. ಅಂಥ ರಾಶಿಯೊಂದನ್ನು ಗುದ್ದಲಿಯಿಂದ ಕೆದಕಿದೊಡನೆ ಹಬೆಯೊಂದಿಗೆ ಎದ್ದು ಕಣ್ಣಲ್ಲಿ ನೀರು ತರಿಸುವ ಘಾಟು ಅಮೋನಿಯದ್ದು. ಗಂಜಲದ ಯೂರಿಯವನ್ನು ಏಕಾಣುಜೀವಿಗಳು ಕೆಲವೇ ದಿನಗಳಲ್ಲಿ ಒಡೆದು ಬಿಡುಗಡೆ ಮಾಡಿದ, ಪೈರಿಗೆ ಸಲ್ಲಬೇಕಾಗಿದ್ದ ಸಾರಜನಕವದು.

ಮತ್ತೆ ಮತ್ತೆ ಮಗುಚುವುದೇ ಗೊಬ್ಬರದ ಸರ್ವಸ್ವವೆಂದು ಸಾರುವ ಪಂಥದೊಡನೆ ನನ್ನ ಕಲಹ ಹಳೆಯದು. ರಾಶಿಯನ್ನು ಮಗುಚುತ್ತ ಗೊಬ್ಬರವಾಗಿಸುವ, ಆಲ್ಬರ್ಟ್ ಹೋವರ್ಡರ ಇಂದೋರ್ ಪದ್ಧತಿಯ ಹಿರಿಮೆಯನ್ನು ನಾನು ಅಲ್ಲಗಳೆಯೆನು. ಆದರೆ ಕಾದ ರಾಶಿಯನ್ನು ಮಗುಚಿದಾಗಲೆಲ್ಲ ಹಾರಿಹೋಗುವ ಅಮೋನಿಯವನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಕ್ರಮವು, ಅಂದರೆ ಗುಂಡಿಯಲ್ಲಿ ಕಸಕಡ್ಡಿ ಸಗಣಿಗಳನ್ನು ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಕದಲಿಸದೆ ಬಿಡುವ ಕ್ರಮವು, ಬಹುಮಟ್ಟಿಗೆ ಹಿಡಿದಿಡುತ್ತದೆ.

ಗಾಳಿಯಾಡದ ಗುಂಡಿಯಲ್ಲಿ, ಪೈರು ಸುಲಭವಾಗಿ ಹೀರುವ ನೈಟ್ರೇಟು ಹುಟ್ಟದೆಂಬ ಆಕ್ಷೇಪವುಂಟು. ಹುಟ್ಟುವುದು ಬೇಡವೆಂದೇ ನನ್ನ ವಾದ. 1877ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಮರಳು, ಸುಣ್ಣಕಲ್ಲಿನ ಪುಡಿಗಳನ್ನು ತುಂಬಿದ ನಳಿಗೆಯಲ್ಲಿ ಚರಂಡಿಯ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು ಇಪ್ಪತ್ತು ದಿನ ಅಮೋನಿಯ ಇದ್ದಂತೆಯೇ ಇಳಿಯಿತು. ಆಮೇಲೆ ಅದು ಕ್ಷೀಣಿಸಿ ನೈಟ್ರೇಟು ತೋರಿತು. ಕ್ಲೋರೋಫಾರ್ಮಿನ ಆವಿ ಸೋಂಕಲು ಆ ಕ್ರಿಯೆ ಸ್ತಬ್ಧವಾಯಿತು. ಮಣ್ಣು ಕದಡಿದ ನೀರನ್ನು ಎರೆಯಲು ಮರಳಿ ಚೇತರಿಸಿತು. ನೈಟ್ರೇಟು ಮಾಡುವ ಜೀವಿಗಳು ಹೊಲದ ಮಣ್ಣಿನಲ್ಲಿಯೇ ನೆಲೆಸಿರುವಾಗ ಆ ಕಾರ್ಯವನ್ನು ತಿಪ್ಪೆಯಲ್ಲಿ ಮಾಡಿಸುವ ಆತುರವೇಕೆ? ಅಮೋನಿಯಂ ಮಣ್ಣಿನ ಕಣಕ್ಕೆ ಅಂಟಿ ನಿಲ್ಲುತ್ತದೆ, ನೈಟ್ರೇಟು ನಿಲ್ಲದು. ನೈಋತ್ಯದ ಮಳೆ ಹಿಂಜರಿಯುವಷ್ಟರಲ್ಲಿ ಈಶಾನ್ಯದ ಮಳೆ ಹಿಡಿಯುವ ಈ ಇಳಿಜಾರಿನ ಸೀಮೆಯಲ್ಲಿ ತೆರೆದ ತಿಪ್ಪೆಯ ನೈಟ್ರೇಟು ಹಳ್ಳದ ಪಾಲು. ನೀರು ನಿಂತ ತಳದಲ್ಲಾದರೋ ಬೇರೊಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ಅನಿಲವಾಗಿಸಿ ಆಕಾಶಕ್ಕೆ ಬಿಡುತ್ತವೆ.

ಉದಕಮಂಡಲದ ಚಳಿಯಲ್ಲಿ, ಹುಳಿಮಣ್ಣಿನಲ್ಲಿ, ನೈಟ್ರೇಟು ಮಾಡುವ ಜೀವಿಗಳು ಮಂದಗತಿಯವು. ಹುಳಿಯನ್ನು ತಗ್ಗಿಸುವ ಸುಣ್ಣದ ಪ್ರಯೋಜನ ತಿಳಿಯುವುದು ಇಲ್ಲಿಯೇ. ಆದುದರಿಂದ ಗುಂಡಿಯ ಗೊಬ್ಬರವನ್ನು ಬಿತ್ತನೆಗೆ ಕೆಲವು ವಾರ ಮುಂಚಿತವಾಗಿ ಮಣ್ಣಿಗೆ ಬೆರೆಸಿ ಮುಚ್ಚತಕ್ಕದ್ದು. ಸಗಣಿಯನ್ನು ತೆರೆದಿಟ್ಟದ್ದಕ್ಕೆ ಮಸಿನಗುಡಿಯ ದನಗಾಹಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಕೊಳ್ಳುವವರು ಬರಿಯ ಗಾಡಿಯ ಲೆಕ್ಕವನ್ನು ಬಿಟ್ಟು, ಗಂಜಲ ಹೀರಿದ ಹಾಸುಹುಲ್ಲಿಗೂ ಹೊದಿಸಿಟ್ಟ ಗೊಬ್ಬರಕ್ಕೂ ಹೆಚ್ಚಿನ ಬೆಲೆ ಕಟ್ಟಿದರೆ, ದನಗಾಹಿಗಳು ಮಣ್ಣು ಮೆತ್ತುವ ಶ್ರಮಕ್ಕೆ ಹಿಂಜರಿಯಲಾರರು.