ನೆಲ ಬಿಟ್ಟ ಕಟ್ಟಡಗಳು

ಪಶ್ಚಿಮ ಬೆಂಗಳೂರಿನ ಗೋವಿಂದರಾಜನಗರ, ವಿಜಯನಗರ, ಮೂಡಲಪಾಳ್ಯದ ಸುತ್ತ ಕಳೆದ ಹದಿನೈದು ವರ್ಷಗಳಲ್ಲಿ ಎದ್ದದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಬೇಕು. ರೈಲು ಮೇಲಕ್ಕೆ ಹೋಯಿತು. ಮಾರುಕಟ್ಟೆ ನೆಲದಡಿಗೆ ಇಳಿಯಿತು. ಮನೆಗಳು ಕೆಳಗೆ ಕಾರಿಗೆ ಜಾಗ ಬಿಟ್ಟು ಕಂಬಗಳ ಮೇಲೆ ಹತ್ತಿದವು. ಜನ ನಡೆಯುವ, ನಿಲ್ಲುವ, ತರಕಾರಿ ಕೊಳ್ಳುವ, ಮಾತಿಗೆ ಸಿಗುವ ನೆಲ ಮಾತ್ರ ಯಾರ ನಕ್ಷೆಯಲ್ಲೂ ಜಾಗ ಪಡೆಯಲಿಲ್ಲ. ಹೊಸ ಕಟ್ಟಡವೊಂದನ್ನು ಎತ್ತರ, ಗಾಜು, ಖರ್ಚಿನಿಂದ ಅಳೆಯುವವರು ಬೇಕಾದಷ್ಟಿದ್ದಾರೆ. ಅದು ತನ್ನ ಎದುರಿನ ಹತ್ತು ಅಡಿ ನೆಲವನ್ನು ಹೇಗೆ ನಡೆಸಿಕೊಂಡಿತು ಎಂಬುದು ನನ್ನ ಪ್ರಶ್ನೆ.

ವಿಜಯನಗರ ಮೆಟ್ರೊ ನಿಲ್ದಾಣದ ಬಳಿಯ ಶ್ರೀ ಕೃಷ್ಣದೇವರಾಯ ಪಾಲಿಕೆ ಬಜಾರ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ಕಟ್ಟಿದ್ದು ಜನರ ದುಡ್ಡಿನಲ್ಲಿ. ನಗರೋತ್ಥಾನ ಯೋಜನೆಯಡಿ ಬಿಬಿಎಂಪಿ 2017ರಲ್ಲಿ ಕೆಲಸ ಹಿಡಿಯಿತು. 2024ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. ನೆಲದಡಿಯಲ್ಲಿ 79 ಮಳಿಗೆ, ಪೂರ್ತಿ ಹವಾನಿಯಂತ್ರಣ, ಸುಮಾರು 13 ಕೋಟಿ ರೂಪಾಯಿ ವೆಚ್ಚ. ಭಾಗಿಸಿ ನೋಡಿದರೆ ಮಳಿಗೆಯೊಂದಕ್ಕೆ 16 ಲಕ್ಷಕ್ಕೂ ಹೆಚ್ಚು. ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ 1970ರ ದಶಕದ ಕೊನೆಯಲ್ಲಿ ತೆರೆದ ಪಾಲಿಕಾ ಬಜಾರ್ ಇದಕ್ಕೆ ಮಾದರಿ; ಹೆಸರನ್ನೂ ಅಲ್ಲಿಂದಲೇ ತಂದರು.

ಉದ್ದೇಶವನ್ನು ನಾನು ಹಳಿಯುವುದಿಲ್ಲ. ಬಿಸಿಲಿನಲ್ಲಿ, ಆಷಾಢದ ಗಾಳಿಯಲ್ಲಿ, ಸಂಜೆಯ ಮಳೆಯಲ್ಲಿ ಟಾರ್ಪಾಲು ಹಿಡಿದು ಕೂರುವ ಬೀದಿಬದಿ ವ್ಯಾಪಾರಿಗಳಿಗೆ ಒಂದು ಸೂರು ಬೇಕಿತ್ತು. ಗಾಡಿ ಎತ್ತಿಕೊಂಡು ಹೋಗುತ್ತಾರೆ ಎಂಬ ದಿನನಿತ್ಯದ ಹೆದರಿಕೆಯಿಂದ ಬಿಡುಗಡೆ ಬೇಕಿತ್ತು. ಹೆಣ್ಣುಮಕ್ಕಳಿಗೆ ಹತ್ತಿರದಲ್ಲೊಂದು ಶೌಚಾಲಯ ಬೇಕಿತ್ತು. ಈ ಅಗತ್ಯಗಳೆಲ್ಲ ನಿಜ. ಆದರೆ ಇವುಗಳಲ್ಲಿ ಯಾವುದಕ್ಕೂ ನೆಲ ಅಗೆಯಬೇಕಿರಲಿಲ್ಲ.

ಬೀದಿಬದಿಯ ವ್ಯಾಪಾರ ನಡೆಯುವುದೇ ಕಣ್ಣಿಗೆ ಬಿದ್ದದ್ದರಿಂದ. ಬಸ್ಸಿಳಿದು ಮನೆ ಕಡೆ ಹೊರಟವರು ಎರಡು ಮೊಳ ಹೂವು, ಒಂದು ಕಟ್ಟು ದಂಟಿನ ಸೊಪ್ಪು, ಕಾಲು ಕೆಜಿ ಬೀನ್ಸ್ ಕೊಳ್ಳುವುದು ಅದು ದಾರಿಯಲ್ಲೇ ಇದೆ ಎಂಬ ಕಾರಣಕ್ಕೆ. ಮಂಡಿನೋವಿನ ಅಜ್ಜಿಯೊಬ್ಬರು ಮೊಳ ಹೂವಿಗಾಗಿ ನೆಲಮಾಳಿಗೆಗೆ ಇಳಿದು ಹತ್ತಿ ಬರುತ್ತಾರೆಂದು ನಂಬುವುದು ಕಷ್ಟ. ಇಳಿದು ಹೋಗಿ ಕೊಳ್ಳುವ ಸರಕೇ ಬೇರೆ: ಬಟ್ಟೆ, ಬ್ಯಾಗು, ಮೊಬೈಲ್ ಕವರು, ಬಳೆ. ಹೀಗೆ ಕಟ್ಟಡದ ವಿನ್ಯಾಸವೇ ಯಾವ ವ್ಯಾಪಾರಿಗೆ ಒಳಗೆ ಜಾಗ, ಯಾರು ಹೊರಗೆ ಎಂಬುದನ್ನು ಅರ್ಜಿ ಕರೆಯುವ ಮೊದಲೇ ತೀರ್ಮಾನಿಸಿಬಿಟ್ಟಿತು. ಕನಾಟ್ ಪ್ಲೇಸ್‌ಗೆ ಜನ ಕೊಳ್ಳುವುದಕ್ಕೆಂದೇ ಹೊರಟು ಬರುತ್ತಾರೆ. ವಿಜಯನಗರದಲ್ಲಿ ಜನ ಮನೆಗೆ ಹೋಗುತ್ತಾ ಕೊಳ್ಳುತ್ತಾರೆ. ಈ ಒಂದು ವ್ಯತ್ಯಾಸ ಗಮನಕ್ಕೆ ಬಂದಿದ್ದರೆ ನಕ್ಷೆ ಬೇರೆಯೇ ಆಗುತ್ತಿತ್ತು.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯೂ ಹೇಳುವುದು ಇದನ್ನೇ. ಸಹಜವಾಗಿ ಬೆಳೆದ ಮಾರುಕಟ್ಟೆಯನ್ನು ಗುರುತಿಸಿ, ಸಮೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳನ್ನೇ ಶೇ 40ಕ್ಕೆ ಕಡಿಮೆಯಿಲ್ಲದಂತೆ ಕೂರಿಸಿಕೊಂಡು ಜಾಗ ನಿಗದಿ ಮಾಡಬೇಕು. ಅಂದರೆ ಮೊದಲು ವ್ಯಾಪಾರ, ಆಮೇಲೆ ಅದಕ್ಕೆ ಒಪ್ಪುವ ಕಟ್ಟಡ.

ನೆಲದಡಿಯ ಕಟ್ಟಡಕ್ಕೆ ಇನ್ನೊಂದು ಹೊರೆಯಿದೆ. ಅದು ತಾನಾಗಿ ಉಸಿರಾಡುವುದಿಲ್ಲ. ಗಾಳಿಗೆ ಯಂತ್ರ, ಬೆಳಕಿಗೆ ಹಗಲಲ್ಲೂ ದೀಪ, ಮಳೆನೀರಿಗೆ ಪಂಪು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ಗೆ ಒಂದೇ ಮಳೆಗೆ ನೀರು ತುಂಬಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡ ಊರು ನಮ್ಮದು. ಹೀಗಿರುವಾಗ ನೆಲದಡಿ ಏನು ಕಟ್ಟಿದರೂ ಅದರ ಮೋರಿ, ಪಂಪು, ಜನರೇಟರು ಪ್ರತಿ ಮಳೆಗಾಲಕ್ಕೂ ಸಿದ್ಧವಿರಲೇಬೇಕು. ಆ ಖರ್ಚು ಒಂದೋ ಬಾಡಿಗೆಗೆ ಸೇರುತ್ತದೆ, ಇಲ್ಲವೇ ಪಾಲಿಕೆಯ ಹೆಗಲಿಗೆ. ಕಟ್ಟಿಸಿದ ಬಿಬಿಎಂಪಿಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾದವು. ಬಜಾರ್‌ನ ಕೆಲಸದ ಕೊನೆಯ ನಾಲ್ಕು ವರ್ಷ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಈ ಕಟ್ಟಡದ ದೋಷಗಳಲ್ಲಿ ಅರ್ಧದಷ್ಟಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ.

ಇದೇ ಊರಿನ ಗಾಂಧಿ ಬಜಾರ್‌ನ ಮರುವಿನ್ಯಾಸದಲ್ಲೂ ತಡವಿತ್ತು, ಜಗಳವಿತ್ತು, ವ್ಯಾಪಾರಿಗಳ ಅಸಮಾಧಾನವಿತ್ತು. ಆದರೂ ಅಲ್ಲಿ ಯೋಚನೆ ನಡೆದದ್ದು ನೆಲದ ಮೇಲೆ: ಪಾದಚಾರಿ ದಾರಿ ಎಷ್ಟು ಅಗಲ, ಹೂವಿನವರು ಎಲ್ಲಿ, ಕಾರು ಎಷ್ಟು ಹಿಂದೆ ಸರಿಯಬೇಕು. ವಿಜಯನಗರಕ್ಕೆ ಬೇಕಿದ್ದದ್ದು ಅಂಥ ಜಗಳ. ಅದೇ 13 ಕೋಟಿಯಲ್ಲಿ ಮೇಲೆ ಸೂರು, ಕೆಳಗೆ ಕಲ್ಲುಹಾಸಿನ ಕಟ್ಟೆ, ನಲ್ಲಿ, ದೀಪ, ಶೌಚಾಲಯ, ಕಸಕ್ಕೊಂದು ಜಾಗ ಇರುವ ತೆರೆದ ಸಂತೆ ಕಟ್ಟುವುದಕ್ಕೆ ಈ ಊರಿನ ಹವೆಯೂ ಒಪ್ಪುತ್ತಿತ್ತು.

ಇನ್ನು ಮನೆಗಳು. ಬಡಾವಣೆಯ 30-40ರ ಸೈಟಿನಲ್ಲಿ ಮೊದಲಿದ್ದದ್ದು ಒಂದಂತಸ್ತಿನ ಮನೆ. ಮುಂದೆ ಗೇಟು, ಒಳಗೆ ಸಂಪು, ಪಕ್ಕದಲ್ಲಿ ಒಂದು ತೆಂಗಿನ ಮರವೋ ಕರಿಬೇವಿನ ಗಿಡವೋ, ಬಾಗಿಲ ಬಳಿ ಇಬ್ಬರು ಕೂರುವಷ್ಟು ಜಗುಲಿ. ಈಗ ಅದನ್ನು ಒಡೆದು ಕಟ್ಟುವಾಗ ಕೆಳಗೆ ಪಾರ್ಕಿಂಗು, ಮೇಲೆ ಮೂರು ಇಲ್ಲವೇ ನಾಲ್ಕು ಅಂತಸ್ತು, ತುದಿಯಲ್ಲಿ ಒಂದು ಪೆಂಟ್‌ಹೌಸು. ಕಟ್ಟುವವರ ಲೆಕ್ಕ ಸರಳ: ಅಪ್ಪ ಕೊಂಡ ಸೈಟು, ಇಬ್ಬರು ಮಕ್ಕಳಿಗೆ ಒಂದೊಂದು ಮಹಡಿ, ಉಳಿದದ್ದು ಬಾಡಿಗೆಗೆ ಅಥವಾ ಭೋಗ್ಯಕ್ಕೆ. ಈ ಲೆಕ್ಕವನ್ನು ದುರಾಸೆ ಎಂದು ಕರೆದವರ ಬರಹಗಳನ್ನು ಓದಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಪೀಣ್ಯ, ಕಾಮಾಕ್ಷಿಪಾಳ್ಯದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ, ಓದಲು ಬಂದ ಹುಡುಗ ಹುಡುಗಿಯರಿಗೆ ಕೈಗೆಟುಕುವ ಬಾಡಿಗೆಯಲ್ಲಿ ಮನೆ ಕೊಟ್ಟದ್ದು ಇದೇ ಬಾಡಿಗೆ ಮಹಡಿಗಳು, ದೊಡ್ಡ ಅಪಾರ್ಟ್‌ಮೆಂಟುಗಳಲ್ಲ. ನಗರ ಒತ್ತೊತ್ತಾಗಿ ಬೆಳೆಯುವುದರಲ್ಲಿ ತಪ್ಪೇನೂ ಇಲ್ಲ.

ತಪ್ಪಿರುವುದು ಬುಡದಲ್ಲಿ. ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಮೊದಲು ಹೋಗುತ್ತದೆ, ಅದರ ಜೊತೆಗೆ ಪಕ್ಕದ ಮನೆಯ ಕಿಟಕಿಗೆ ಬರುತ್ತಿದ್ದ ಬೆಳಕು. ಕಾರು ಹತ್ತಲು ಬೇಕಾದ ಇಳಿಜಾರು ಮೋರಿಯ ಮೇಲೆ, ಪಾದಚಾರಿ ದಾರಿಯ ಮೇಲೆ ಚಾಚಿಕೊಳ್ಳುತ್ತದೆ. ಒಂದು ಮನೆಯ ಇಳಿಜಾರು ಒಂದು ಎತ್ತರ, ಮುಂದಿನದು ಇನ್ನೊಂದು, ಬೀದಿಯುದ್ದಕ್ಕೂ ಹೀಗೇ. ನಡೆಯುವವರು ಅನಿವಾರ್ಯವಾಗಿ ರಸ್ತೆಗೇ ಇಳಿಯುತ್ತಾರೆ. ಉಳಿದ ಮಣ್ಣಿಗೆ ಕಾಂಕ್ರೀಟೋ ಟೈಲ್ಸೋ ಬಳಿಯುತ್ತಾರೆ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ಪ್ರಕಾರ 30-40ರ ಸೈಟಿನಲ್ಲಿ ಹೊಸದಾಗಿ ಕಟ್ಟುವವರು ಮಳೆನೀರು ಕೊಯ್ಲು ಮಾಡಲೇಬೇಕು. ಪೈಪು ಇಳಿಸಿ ಫೋಟೊ ತೆಗೆಸುವುದು ಸುಲಭ. ನೀರು ಇಂಗಲು ಮಣ್ಣೇ ಇಲ್ಲದ ಸೈಟಿನಲ್ಲಿ ಆ ನೀರು ಬೀದಿಗೆ ಹರಿದು, ರಾಜಕಾಲುವೆ ಸೇರಿ, ನಾಯಂಡಹಳ್ಳಿಯ ಕಡೆ ವೃಷಭಾವತಿಗೆ ಸೇರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಕಾದ ಬೀದಿಗಳು ಇವೇ.

ಕಾನೂನಿನ ನಡೆಯನ್ನೂ ನೋಡಿ. ನಿಯಮ ಮೀರಿದ ಕಟ್ಟಡಗಳನ್ನು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಕೊಡಕೂಡದೆಂದಿತು. ಮೀಟರಿಗಾಗಿ ಕಾಯುವ ಹೊಸ ಮನೆಗಳು ಸಾಲುಗಟ್ಟಿದಾಗ, 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ಕೊಟ್ಟಿತು. ಕರೆಂಟಿಲ್ಲದೆ ಪರದಾಡಿದ ಕುಟುಂಬಗಳ ದೃಷ್ಟಿಯಿಂದ ಇದು ಬೇಕಾದ ಪರಿಹಾರವೇ. ಆದರೆ ವಿನಾಯಿತಿ ಕೊಡುವಾಗ ಪ್ರತಿಯಾಗಿ ಏನನ್ನೂ ಕೇಳಲಿಲ್ಲವಲ್ಲ ಎಂಬುದೇ ನನ್ನ ಕೊರಗು. ಅಂತಸ್ತು ನಿಮಗಿರಲಿ, ಇಳಿಜಾರು ನಿಮ್ಮ ಗೇಟಿನ ಒಳಗಿರಲಿ, ಮುಂದಿನ ಮೂರಡಿ ಮಣ್ಣಾಗಿಯೇ ಉಳಿಯಲಿ ಎಂದು ಷರತ್ತು ಹಾಕಿದ್ದರೆ ಮಾಲೀಕರಿಗೆ ಅದು ಭಾರವಾಗುತ್ತಿರಲಿಲ್ಲ, ಬೀದಿ ಬದಲಾಗುತ್ತಿತ್ತು.

ಮಾಗಡಿ ರಸ್ತೆಯ ಮಾಲ್‌ನ ಬಗ್ಗೆ ಉದ್ದ ಬರೆಯಬೇಕಿಲ್ಲ. 2024ರ ಜುಲೈನಲ್ಲಿ ಪಂಚೆಯುಟ್ಟು ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಜಿ.ಟಿ. ವರ್ಲ್ಡ್ ಮಾಲ್‌ನ ಬಾಗಿಲಲ್ಲೇ ತಡೆದರು. ಸರ್ಕಾರ ಅದನ್ನು ಏಳು ದಿನ ಮುಚ್ಚಿಸಿತು. ಕ್ಷಮೆ, ಸನ್ಮಾನ ಎಲ್ಲ ಆಯಿತು. ಬೀದಿಗೆ ಬೆನ್ನು ಹಾಕಿ, ಒಂದೇ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸುವ ಕಟ್ಟಡದ ಕ್ರಮದಲ್ಲೇ ಅಂಥ ಅವಮಾನದ ಬೀಜವಿದೆ ಎಂಬುದು ಆ ಗದ್ದಲದಲ್ಲಿ ಚರ್ಚೆಗೆ ಬರಲಿಲ್ಲ.

ಮೆಟ್ರೊಗೆ ನನ್ನ ಮೆಚ್ಚುಗೆ ದೊಡ್ಡದು. 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆವರೆಗೆ ಓಡಲು ಶುರುವಾಗಿ, 2016ರ ಏಪ್ರಿಲ್ ಕೊನೆಗೆ ಮೆಜೆಸ್ಟಿಕ್ ದಾಟಿ ಪೂರ್ವಕ್ಕೆ ಸೇರಿಕೊಂಡು, 2021ರಲ್ಲಿ ಕೆಂಗೇರಿ ಮುಟ್ಟಿದ ಈ ನೇರಳೆ ಮಾರ್ಗ ಪಶ್ಚಿಮ ಬೆಂಗಳೂರಿನ ದಿನಚರಿಯನ್ನೇ ಬದಲಿಸಿತು. ಮೇಲ್ಸೇತುವೆ ನಿಲ್ದಾಣಗಳ ಒಂದು ಗುಣವನ್ನು ಜನ ತಾವಾಗಿಯೇ ಕಂಡುಕೊಂಡಿದ್ದಾರೆ: ಟಿಕೆಟ್ ಇಲ್ಲದೆಯೂ ಈ ಬದಿ ಹತ್ತಿ ಆ ಬದಿ ಇಳಿಯಬಹುದು. ಕಾರ್ಡ್ ರಸ್ತೆಯಂಥ ರಸ್ತೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಮೆಟ್ಟಿಲು ಮುಗಿದಲ್ಲಿ ಮೆಟ್ರೊದ ಕಾಳಜಿಯೂ ಮುಗಿಯುತ್ತದೆ. ಆಟೊ ಎಲ್ಲಿ ನಿಲ್ಲಬೇಕು, ಬಸ್ಸು ಎಲ್ಲಿ, ಹೂವಿನ ಬುಟ್ಟಿ ಎಲ್ಲಿ ಎಂಬುದನ್ನು ದಿನವೂ ಹಾರ್ನು, ಲಾಠಿ, ಜಗಳಗಳೇ ತೀರ್ಮಾನಿಸುತ್ತವೆ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಮೆಟ್ರೊದ 15,611 ಕೋಟಿ ರೂಪಾಯಿಯ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿದೆ. ಅದರ ಎರಡೂ ಮಾರ್ಗಗಳು ನಮ್ಮ ಭಾಗಕ್ಕೇ ಬರುತ್ತವೆ: ಜೆ.ಪಿ. ನಗರದಿಂದ ಕೆಂಪಾಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ 32.15 ಕಿ.ಮೀ., ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯಲ್ಲಿ 12.5 ಕಿ.ಮೀ. ಇದರ ಜೊತೆಗೆ ಡಬಲ್ ಡೆಕ್ಕರ್ ಮೇಲ್ಸೇತುವೆಯ ಯೋಜನೆಯೂ ಸೇರಿದೆ; ಕೆಳಗೆ ರಸ್ತೆ, ನಡುವೆ ವಾಹನಗಳ ಸೇತುವೆ, ಅದರ ಮೇಲೆ ರೈಲು. ರೈಲು ಹತ್ತಲು ಜನರನ್ನು ಕರೆಯುತ್ತಾ ಅದೇ ಕಂಬದಲ್ಲಿ ಕಾರಿಗೂ ಹೊಸ ದಾರಿ ಕೊಡುವುದು ಸಾರಿಗೆಯ ದೃಷ್ಟಿಯಿಂದ ತನಗೆ ತಾನೇ ಎದುರಾಡುವ ಕೆಲಸ. ಕಾಮಾಕ್ಷಿಪಾಳ್ಯದ ಅಂಗಡಿ ಸಾಲಿಗೆ ಅದರಿಂದ ಬರುವುದು ಹಗಲೆಲ್ಲ ನೆರಳು, ದೂಳು, ಸದ್ದು.

ಮೇಲ್ಸೇತುವೆ ಬೇಕೇ ಬೇಡವೇ ಎಂಬ ವಾದ ಏನೇ ಆಗಲಿ, ಬೆಂಗಳೂರು ಪಶ್ಚಿಮ ಪಾಲಿಕೆ ಮತ್ತು ಮೆಟ್ರೊ ನಿಗಮ ಕಂಬ ನೆಡುವ ಮೊದಲು ಒಂದು ನಕ್ಷೆಯನ್ನು ಜನರ ಮುಂದೆ ಇಡಬೇಕು. ಹೊಸಹಳ್ಳಿಯಿಂದ ಸುಮನಹಳ್ಳಿವರೆಗೆ ರಸ್ತೆಯ ಅಡ್ಡಸೀಳಿನ ನಕ್ಷೆ ಅದು. ಅದರಲ್ಲಿ ಕಂಬದ ಗಾತ್ರ, ಮೋರಿ, ಬಸ್ ತಂಗುದಾಣ, ವ್ಯಾಪಾರಿಗಳ ಕಟ್ಟೆ, ಉಳಿಯುವ ಮರಗಳು, ಎರಡೂ ಬದಿಯ ಪಾದಚಾರಿ ದಾರಿಯ ಅಗಲ ಅಡಿ ಲೆಕ್ಕದಲ್ಲಿ ಬರೆದಿರಬೇಕು. ಅದನ್ನು ಹಂಪಿನಗರದ ಗ್ರಂಥಾಲಯದಲ್ಲಿ, ಟೋಲ್‌ಗೇಟ್‌ನಲ್ಲಿ, ಕಾಮಾಕ್ಷಿಪಾಳ್ಯದ ಬಸ್ ನಿಲ್ದಾಣದಲ್ಲಿ ಕನ್ನಡದಲ್ಲಿ ತೂಗುಹಾಕಿ, ಆಕ್ಷೇಪಣೆಗೆ ಎರಡು ತಿಂಗಳಾದರೂ ಕೊಡಬೇಕು.