ಕೆಂಪುಗೆರೆಯ ಸಹಚರರು

ಚೆನ್ನೈಯ ತಾಂಬರಂನಂಥ ಉಷ್ಣಪ್ರದೇಶದ ಮನೆಯೊಳಗೆ ಸಹ್ಯಾದ್ರಿಯ ತೊರೆಯೊಂದರ ಚಾಂಚಲ್ಯವನ್ನು ನೆಲೆಗೊಳಿಸಬಯಸುವವರಿಗೆ ಡೆನಿಸನ್ ಬಾರ್ಬಿಗಿಂತ ಉಚಿತವಾದ ಮತ್ಸ್ಯವು ದುರ್ಲಭವೇ ಸರಿ. ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿಯೂ ಕೇರಳದ ಇತರ ಕೆಲವು ನದಿಗಳಲ್ಲಿಯೂ ವಾಸಿಸುವ ಈ ಮೀನನ್ನು 1865ರಲ್ಲಿ ವರ್ಣಿಸಿದ ಫ್ರಾನ್ಸಿಸ್ ಡೇ, ಅಂದಿನ ಮದರಾಸಿನ ಗವರ್ನರ್ ವಿಲಿಯಂ ಡೆನಿಸನ್ನನ ಹೆಸರನ್ನೇ ಇದಕ್ಕಿತ್ತನು. ಮೂತಿಯಿಂದ ಹೊರಟು ಕಣ್ಣನ್ನು ಹಾದು ಮೈಯ ನಡುವಿನವರೆಗೆ ಸಾಗುವ ರಕ್ತವರ್ಣದ ಗೆರೆ, ಅದರಡಿಯಲ್ಲಿ ಬಾಲದ ಬುಡದವರೆಗೂ ನೀಳವಾದ ಕಪ್ಪು ಪಟ್ಟೆ, ಬಾಲದ ಕವಲುಗಳಲ್ಲಿ ಕಪ್ಪು ಹಳದಿಗಳ ಅಲಂಕಾರ: ಇವನ್ನು ಹೊತ್ತ ಮೀನುಗಳು ಹಿಂಡಾಗಿ ಒಮ್ಮೆಲೇ ಹೊರಳಿದಾಗಲೇ ಸೌಂದರ್ಯವು ಪೂರ್ಣಗೊಳ್ಳುವುದು.

ಒಂಟಿಯಾದರೆ ಅಂಜಿ ಮೂಲೆ ಸೇರುವ ಈ ಜೀವಿಗೆ ಕನಿಷ್ಠ ಆರು ಸಂಗಾತಿಗಳಾದರೂ ಬೇಕು. ಸುಮಾರು 15 ಸೆಂಟಿಮೀಟರಿನವರೆಗೂ ಬೆಳೆಯಬಲ್ಲುದಾದ್ದರಿಂದ ತೊಟ್ಟಿಯ ಎತ್ತರಕ್ಕಿಂತ ಉದ್ದವೇ ಮುಖ್ಯ, ಅದು ನಾಲ್ಕಡಿಗೆ ಕಡಿಮೆಯಾಗಲಾಗದು. ಪಂಪಿನಿಂದ ನೀರಿಗೆ ಹರಿವು, ನೆಗೆತವನ್ನು ತಡೆಯುವ ಬಿಗಿಯಾದ ಮುಚ್ಚಳ, ಬೇಸಗೆಯಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಅವಶ್ಯವಾದವು. ಡೇನಿಯೊ ಮೀನುಗಳು ಇವುಗಳ ವೇಗಕ್ಕೆ ಸರಿಜೋಡಿಯಾದರೆ, ಉದ್ದ ರೆಕ್ಕೆಯ ಮಂದಗಾಮಿ ಏಂಜೆಲ್ ಮೀನುಗಳು ಆಹಾರದ ಪೈಪೋಟಿಯಲ್ಲಿ ಹಿಂದುಳಿಯುವುವು. ಅತಿಯಾಗಿ ಹಿಡಿದುದರಿಂದ ಕಾಡಿನ ಹೊಳೆಗಳಲ್ಲಿ ಡೆನಿಸನ್ ಬಾರ್ಬುಗಳು ವಿರಳವಾಗುತ್ತಿರುವ ಕಾರಣ, ಚೆನ್ನೈಯ ಕೊಳತ್ತೂರಿನ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಕೊಳ್ಳುವಾಗ ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ಪಡೆಯುವುದು ರಸಿಕನಿಗೆ ಶೋಭಿಸುವ ವಿವೇಕ.